ದರ್ಜಿ ಬುಡನ್‌ಸಾಬರ ಕತ್ತರಿ

ಚನ್ನಗಿರಿಯ ಪೇಟೆ ಬೀದಿಯಲ್ಲಿ ದರ್ಜಿ ಬುಡನ್‌ಸಾಬರ ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ. ಪರದೆಯ ಆಚೆ ಬುಡನ್‌ಸಾಬರು ಬಟ್ಟೆ ಕತ್ತರಿಸಿ ಕೊಡುತ್ತಿದ್ದರು, ಮಗ ಜಮಾಲ್ ಮಿಷನ್ನು ತುಳಿಯುತ್ತಿದ್ದ. ಈಚೆ ಹೆಂಗಸರು ಕೂತು ಗುಂಡಿ ತೂರುವ ಕಾಜಗಳಿಗೆ ದಾರ ಸುತ್ತಿ ಹೊಲಿಯುತ್ತಿದ್ದರು, ಗುಂಡಿ ಹಚ್ಚುತ್ತಿದ್ದರು, ಅಂಚು ಮಡಿಸಿ ಕೈಹೊಲಿಗೆ ಹಾಕುತ್ತಿದ್ದರು. ಪ್ರತಿ ಅಂಗಿಯೂ ಅರ್ಧ ಆಚೆ ಹುಟ್ಟಿ ಅರ್ಧ ಈಚೆ ಹುಟ್ಟುತ್ತಿತ್ತು. ಹೆಸರು ಮಾತ್ರ ಪೂರಾ ಆಚೆಯವರದು. ಬುಡನ್‌ಸಾಬರ ಹೆಂಡತಿ ಶಹರಬಾನು ಮದುವೆಯಾಗಿ ಬಂದಾಗಿನಿಂದ ಇದನ್ನು ನೋಡುತ್ತಲೇ ಇದ್ದಳು, ಬೇಸರವಾದಾಗ ಒಲೆಯ ಮುಂದೆ ಗೊಣಗಿ ಸುಮ್ಮನಾಗುತ್ತಿದ್ದಳು.

ಅಂಗಡಿಯ ಗೋಡೆಗೆ ಒಂದು ಮೊಳೆ. ಆ ಮೊಳೆಗೆ ಕತ್ತರಿ. ಅದನ್ನು ಬುಡನ್‌ಸಾಬರ ಹೊರತು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಶಿವಮೊಗ್ಗದಲ್ಲಿ ಅವರ ಉಸ್ತಾದರು ನಾಲ್ಕು ಜನ ಕಸುಬಿನವರನ್ನು ಕೂರಿಸಿ, ಫಾತಿಹಾ ಓದಿ, ಶಿಷ್ಯನ ಬಾಯಿಗೆ ಸಕ್ಕರೆ ಹಾಕಿ ಕೈಗಿತ್ತ ಕತ್ತರಿ ಅದು. ಹಾಗೆ ಸಿಕ್ಕಿದ ಮೇಲೇ ಶಾಗಿರ್ದ್ ಎನಿಸಿಕೊಂಡವನು ಉಸ್ತಾದ್ ಆಗುವುದು. ಅಲ್ಲಿಯವರೆಗೆ ಮಿಷನ್ನು ತುಳಿಯಬಹುದು, ಬಟ್ಟೆಗೆ ಕತ್ತರಿ ಹಾಕುವಂತಿಲ್ಲ. ಜಮಾಲನಿಗೆ ಮದುವೆಯಾಗಿ ಸೊಸೆ ಜಹೀದಾ ಮನೆಗೆ ಬಂದಿದ್ದರೂ ಅವನ ಬಾಯಿಗೆ ಸಕ್ಕರೆ ಇನ್ನೂ ಬಿದ್ದಿರಲಿಲ್ಲ. ಇನ್ನು ಪರದೆಯ ಈಚೆಯವರ ಮಾತೇ ಬೇಡ. ಕಾಜದ ಬಾಯಿ ಕೊಯ್ಯಲು ಹಳೆಯ ಬ್ಲೇಡು, ದಾರ ಕಡಿಯಲು ಹಲ್ಲು. ಶಹರಬಾನುವಿನ ಮುಂದಿನ ಹಲ್ಲೊಂದು ದಾರ ಕಡಿದು ಕಡಿದು ಓರೆಯಾಗಿ ಸವೆದಿತ್ತು.

ಜಪಾನಿನವರು ಯುದ್ಧಕ್ಕೆ ಇಳಿದ ಮರುವರ್ಷ. ಮಿಲ್ಲಿನ ಬಟ್ಟೆ ಸಿಗುವುದು ಕಷ್ಟವಾಗಿತ್ತು, ಸೀಮೆಎಣ್ಣೆಯೂ ಹಾಗೇ. ಒಂದು ಮಧ್ಯಾಹ್ನ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಪ್ರೇಮಮ್ಮ ರವಿಕೆ ಬಟ್ಟೆ ಕೊಡುವ ನೆಪದಲ್ಲಿ ಅಂಗಡಿಗೆ ಬಂದರು. ಸಂತೇಬೆನ್ನೂರಿನ ಕಡೆಯ ಹೆಂಗಸು, ಮಾತಿನಲ್ಲಿ ಸುತ್ತುಬಳಸು ಇಲ್ಲ.

“ಸಾಬ್ರೇ, ನಿಮ್ಮ ನಜೀರಾನ್ನ ನನಗೆ ಕೊಡ್ರಿ” ಎಂದರು.

“ಮದುವೆಗಾ ಅಕ್ಕೋರೇ?” ಎಂದು ಬುಡನ್‌ಸಾಬರು ನಕ್ಕರು.

“ಶಾಲೆಗೆ. ಬೆಳಿಗ್ಗೆ ಹೊತ್ತು ಬಂದು ಸಣ್ಣ ಹುಡುಗೀರಿಗೆ ಅಕ್ಷರ ತಿದ್ದಿಸ್ಲಿ, ಪಾಠ ಹೇಳೋದು ಹೆಂಗೆ ಅಂತ ನನ್ನ ಪಕ್ಕ ನಿಂತು ಕಲೀಲಿ. ಸಂಜೆ ನಮ್ಮ ಮನೇಲಿ ಅವಳಿಗೆ ನಾನು ಪಾಠ ಹೇಳ್ತೀನಿ. ಪರೀಕ್ಷೆ ಪಾಸಾದ್ರೆ ಶಿವಮೊಗ್ಗದ ಟ್ರೈನಿಂಗ್ ಶಾಲೇಲಿ ಒಂದು ಜಾಗ ಐತೆ. ಊಟ ವಸತಿ ಅವರದೇ. ಮುಂದೆ ನನ್ನಂಗೆ ಮೇಷ್ಟ್ರಾಗಬೋದು.”

“ಬೆಳಿಗ್ಗೆ ಕೆಲಸಕ್ಕೆ ಏನು ಕೊಡ್ತೀರಿ?”

“ಏನೂ ಇಲ್ಲ. ನೀವು ಕೆಲಸ ಕಲಿಯಾಕೆ ಬಂದ ಶಾಗಿರ್ದಿಗೆ ಏನು ಕೊಡ್ತೀರಿ?”

ಪರದೆಯ ಈಚೆ ಶಹರಬಾನುವಿಗೆ ನಗು ಬಂತು. ಗಂಡನ ಬಾಯಿ ಕಟ್ಟಿದವರನ್ನು ಅವಳು ಕಂಡದ್ದು ಅಪರೂಪ. ಪಕ್ಕದಲ್ಲಿ ಕಾಜ ಹೊಲಿಯುತ್ತಿದ್ದ ಮಗಳು ನಜೀರಾ ಸೂಜಿ ನಿಲ್ಲಿಸಿ, ಪರದೆಗೆ ಕಿವಿಗೊಟ್ಟು ಕೂತಿದ್ದಳು. ಏಳನೆಯ ಕ್ಲಾಸಿನ ಪಾಠವನ್ನು ಅರ್ಧಕ್ಕೆ ಬಿಟ್ಟು ಪರದೆಯೊಳಗೆ ಬಂದ ಹುಡುಗಿ. ಬಂದ ದಿನದಿಂದ ಗುಂಡಿ ಸುತ್ತಿ ಬಂದ ಹಳೇ ಪೇಪರು ಚೂರನ್ನೂ ಓದದೆ ಬಿಟ್ಟವಳಲ್ಲ.

ಆ ಸಂಜೆ ರೊಟ್ಟಿಯ ಮುಂದೆ ಕೂತಾಗ ಬುಡನ್‌ಸಾಬರು ಮಾತು ತೆಗೆದರು. “ಕಾಜ ಯಾರು ಹೊಲೀತಾರೆ?”

“ನಾನು” ಎಂದಳು ಶಹರಬಾನು.

“ನಿನ್ನ ಕಣ್ಣು ನೋಡ್ಕೊಂಡಿದೀಯಾ? ಸೂಜಿ ಕಣ್ಣಿಗೆ ದಾರ ಹಾಕಾಕೆ ಸೊಸೆ ಬೇಕು ನಿನಗೆ.”

“ಸೊಸೆ ಅವ್ಳೆ. ಹಾಕಿಸ್ಕೊಂತೀನಿ.”

“ಒಂದು ಅಂಗಿ ತಡ ಆದ್ರೆ ಅವತ್ತೇ ಶಾಲೆ ಬಂದ್” ಎಂದು ಬುಡನ್‌ಸಾಬರು ಎದ್ದು ಕೈ ತೊಳೆದರು. ಅದನ್ನೇ ಒಪ್ಪಿಗೆ ಎಂದುಕೊಳ್ಳಬೇಕಿತ್ತು. ಆ ಮನೆಯಲ್ಲಿ ಒಪ್ಪಿಗೆ ಯಾವಾಗಲೂ ಬೈಗುಳದ ಬೆನ್ನ ಮೇಲೇ ಕೂತು ಬರುತ್ತಿತ್ತು.

ಅಲ್ಲಿಂದ ಮನೆಯ ಗಾಡಿ ಒಂದು ಚಕ್ರ ಕಳಚಿಕೊಂಡಂತೆ ಓಡಿತು. ನಜೀರಾ ಬೆಳಿಗ್ಗೆ ನೀರು ತುಂಬಿಸಿ, ಬುರ್ಖಾ ಹೊದ್ದು ಶಾಲೆಗೆ ಓಡುವಳು. ಮಧ್ಯಾಹ್ನ ಬಂದು ಎರಡು ತುತ್ತು ತಿಂದು, ಕೈಗೆ ಸಿಕ್ಕಷ್ಟು ಕಾಜ ಮುಗಿಸಿ, ಸಂಜೆ ಪ್ರೇಮಮ್ಮನ ಮನೆಗೆ. ಅವಳ ಪಾಲಿನ ಕೆಲಸವೆಲ್ಲ ತಾಯಿಯ ಮಡಿಲಿಗೆ. ಶಹರಬಾನು ಬಾಗಿಲ ಬೆಳಕಿಗೆ ಮುಖ ಮಾಡಿ ಕೂತು ಕಣ್ಣಲ್ಲಿ ನೀರು ಸುರಿಸುತ್ತ ಹೊಲಿಯುವಳು. ಒಲೆಯ ಮೇಲೆ ರೊಟ್ಟಿ ಸೀಯುವುದು, ಇಲ್ಲವೇ ಸಾರಿಗೆ ಉಪ್ಪು ಎರಡು ಸಲ ಬೀಳುವುದು.

“ಅತ್ತೆ, ಓದೋದು ಅವಳು, ಬೆನ್ನು ನೋವು ನನಗೆ” ಎಂದು ಜಹೀದಾ ಒಂದು ದಿನ ಬಾಯಿಬಿಟ್ಟು ಹೇಳಿದಳು. “ಹೊನ್ನಾಳೀಲಿ ನಮ್ಮಪ್ಪನ ಮನೇಲಿ ನಾನು ಸೂಜಿ ಮುಟ್ಟಿದವಳಲ್ಲ.”

“ಮುಟ್ಟಿದ್ರೆ ಇಷ್ಟು ಓರೆ ಹೊಲೀತಿರಲಿಲ್ಲ ಬಿಡು” ಎಂದಳು ಶಹರಬಾನು. ಅಂದ ಮೇಲೆ ಕೆಡುಕೆನಿಸಿ ತನ್ನ ಪಾಲಿನ ಚಹಾದಲ್ಲಿ ಅರ್ಧ ಅವಳ ಲೋಟಕ್ಕೆ ಬಗ್ಗಿಸಿದಳು.

ನಜೀರಾ ತನ್ನ ಅತ್ತಿಗೆಯ ಸಿಟ್ಟನ್ನು ಬೇರೆ ರೀತಿಯಲ್ಲಿ ಇಳಿಸಿದಳು. ಅಪ್ಪ ಬಟ್ಟೆಗೆ ಗುರುತು ಹಾಕಿ ಎಸೆದ ಸೀಮೆಸುಣ್ಣದ ಚೂರುಗಳನ್ನು ಆರಿಸಿ ತಂದು, ಒಲೆಯ ಪಕ್ಕದ ಕರಿ ನೆಲದ ಮೇಲೆ ಜಹೀದಾಳಿಗೆ ಅಕ್ಷರ ತಿದ್ದಿಸತೊಡಗಿದಳು. ಜಹೀದಾ ತನ್ನ ಹೆಸರು ಬರೆದ ದಿನ ಅದರ ಮೇಲೆ ಯಾರೂ ಕಾಲಿಡದಂತೆ ಮಣೆ ಕವುಚಿ ಹಾಕಿದ್ದಳು. ಬುಡನ್‌ಸಾಬರು ಊಟಕ್ಕೆ ಬಂದವರು ಮಣೆ ಎಳೆದುಕೊಂಡು ಕೂತು, ನೆಲ ನೋಡಿ, “ನನ್ನ ಸುಣ್ಣ ಹಿಂಗೆ ಹಾಳಾಗ್ತೈತೆ” ಎಂದರು. ಅಳಿಸಿ ಎಂದು ಮಾತ್ರ ಹೇಳಲಿಲ್ಲ.

ನಲ್ಲೂರಿನ ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರ ಮನೆಯ ಮದುವೆ ಬಟ್ಟೆ ಬಂದದ್ದು ಪರೀಕ್ಷೆಯ ಹಿಂದಿನ ವಾರ. ಅಳಿಯನಿಗೆ, ಭಾವಮೈದುನರಿಗೆ, ತಮಗೆ, ಎಲ್ಲರಿಗೂ ಉದ್ದ ಕೋಟು. ಹೆಂಗಸರಿಬ್ಬರೂ ಬೆರಳು ಚುಚ್ಚಿಕೊಂಡು ಹೊಲಿದರು. ಕೋಟು ಒಯ್ದ ಷಣ್ಮುಖಪ್ಪ ಮರುದಿನವೇ ವಾಪಸು ಬಂದರು, ತಮ್ಮ ಕೋಟನ್ನೇ ತೊಟ್ಟು.

“ಸಾಬ್ರೇ, ಗುಂಡಿ ಐದು ಅವೆ, ಕಾಜ ನಾಲ್ಕೇ ಐತೆ. ಈ ಐದನೇದನ್ನ ಎಲ್ಲಿಗೆ ಸಿಗಿಸ್ಲಿ, ಮೀಸೆಗಾ?”

ಅಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ಬುಡನ್‌ಸಾಬರು ನಗುತ್ತಲೇ ಕೋಟು ಬಿಚ್ಚಿಸಿಕೊಂಡು ಪರದೆಯ ಒಳಗೆ ಬಂದರು. ಒಳಗೆ ಬಂದ ಮುಖದಲ್ಲಿ ನಗು ಇರಲಿಲ್ಲ.

“ಯಾರು ಬಿಟ್ಟಿದ್ದು?”

“ನಾನು” ಎಂದಳು ಶಹರಬಾನು. ಯಾರು ಬಿಟ್ಟದ್ದೋ ಅವಳಿಗೂ ಗೊತ್ತಿರಲಿಲ್ಲ.

“ಶಾಲೆ ಬಂದ್ ಅಂದಿದ್ದೆ.”

“ಪರೀಕ್ಷೆ ನಾಳಿದ್ದು ಐತೆ. ಇಷ್ಟು ದಿನ ಕಾದಿದೀರಿ, ಇನ್ನೆರಡು ದಿನ ಬೈಗುಳ ಬಾಯಲ್ಲೇ ಇಟ್ಕೊಳ್ರಿ.”

ಬುಡನ್‌ಸಾಬರು ಕೋಟನ್ನು ಅವಳ ಮಡಿಲಿಗೆ ಎಸೆದು ಹೋದರು. ಬರೆಯುವ ಪರೀಕ್ಷೆಗೂ ಹೊಲಿಗೆ ಪರೀಕ್ಷೆಗೂ ಪ್ರೇಮಮ್ಮ ನಜೀರಾಳನ್ನು ತಾವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ತಿಂಗಳುಗಟ್ಟಲೆ ಲೆಕ್ಕ, ಚರಿತ್ರೆ, ವ್ಯಾಕರಣ ಎಂದು ಹುಡುಗಿಯನ್ನು ಅರೆದಿದ್ದರು. ಹೊಲಿಗೆಯ ಮಾತು ಬಂದಾಗ ಮಾತ್ರ, “ದರ್ಜಿ ಮನೆ ಹುಡುಗಿಗೆ ನಾನೇನು ಹೊಲಿಗೆ ಹೇಳಿಕೊಡ್ಲಿ” ಎಂದು ನಕ್ಕು ಪುಸ್ತಕ ಮುಚ್ಚಿದ್ದರು. ನಜೀರಾ ಮನೆಗೆ ಬಂದು ಅದನ್ನು ಹೇಳಿದಾಗ ಶಹರಬಾನುವೂ ಹೆಮ್ಮೆಯಿಂದ ನಕ್ಕಿದ್ದಳು. ಆ ನಗುವಿಗೆ ಆಮೇಲೆ ಬಹಳ ದಿನ ಅವಳು ತನ್ನನ್ನೇ ಬೈದುಕೊಂಡಳು.

ಫಲಿತಾಂಶ ತಿಳಿದ ದಿನ ಪ್ರೇಮಮ್ಮ ಅಂಗಡಿಯಲ್ಲಿ ನಿಲ್ಲದೆ ನೇರ ಪರದೆ ಸರಿಸಿ ಒಳಗೆ ಬಂದು ಚಾಪೆಯ ಮೇಲೆ ಕೂತರು. ಬುಡನ್‌ಸಾಬರೂ ಜಮಾಲನೂ ಪರದೆಯ ಅಂಚಿನಲ್ಲಿ ನಿಂತರು.

“ಬರೆಯೋದ್ರಲ್ಲಿ ಎಲ್ಲಾ ಪಾಸು, ಚೆನ್ನಾಗೇ ಪಾಸು” ಎಂದರು ಪ್ರೇಮಮ್ಮ. “ಹೊಲಿಗೇಲಿ ಫೇಲು.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಜಮಾಲನಂತೂ ನಕ್ಕೇಬಿಟ್ಟ.

“ಕೂಸಿಗೆ ಒಂದು ಅಂಗಿ ಕತ್ತರಿಸಿ ಹೊಲಿ ಅಂತ ಬಟ್ಟೆ, ಕತ್ತರಿ ಮುಂದಿಟ್ರಂತೆ. ಅಳತೆ ಎಷ್ಟೋ ಅಷ್ಟಕ್ಕೇ ಕತ್ತರಿಸಿಬಿಟ್ಟಿದ್ದಾಳೆ. ಒಳಗೆ ಮಡಿಚಾಕೆ ಅಂತ ಒಂದು ಬೆರಳು ಬಟ್ಟೆ ಹೆಚ್ಚಿಗೆ ಬಿಟ್ಟಿಲ್ಲ. ಹೊಲಿದ ಮೇಲೆ ಅದು ಕೂಸಿನ ತಲೆಗೇ ತೂರಲಿಲ್ಲ. ದಾರ ಹಲ್ಲಲ್ಲಿ ಕಡಿದಳು ಅಂತ ಬೇರೆ ಬೈದರಂತೆ. ಕಾಜ ಮಾತ್ರ ಇಷ್ಟು ಚೆಂದ ಯಾರೂ ಹೊಲಿದಿಲ್ಲ ಅಂದ್ರಂತೆ. ಕಾಜಕ್ಕೆ ಏನು ಮಾಡೋದು, ಅಂಗಿನೇ ಇಲ್ಲ.”

ಮೂಲೆಯಲ್ಲಿ ನಜೀರಾ ಮುಖ ಮುಚ್ಚಿಕೊಂಡು ಕೂತಿದ್ದಳು. “ನಾನು ಕತ್ತರಿ ಹಿಡಿದಿದ್ದೇ ಅವತ್ತು ಮೊದಲು” ಎಂದಳು ಮುಸುಕಿನೊಳಗಿಂದ. “ಬಟ್ಟೆ ನಮ್ಮ ಕೈಗೆ ಬರೋದೇ ಹೊಲಿದ ಮೇಲೆ. ಎಷ್ಟು ಬಿಟ್ಟು ಕತ್ತರಿಸ್ತಾರೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು.”

“ಹೊಲಿಗೆ ಒಂದಕ್ಕೆ ದಸರಾ ರಜೆ ಆದ ಮೇಲೆ ಇನ್ನೊಂದು ಸಲ ನೋಡ್ತಾರೆ. ಅಲ್ಲೀವರೆಗೆ ಜಾಗ ಹಿಡ್ಕೊಂಡಿರ್ತಾರೆ” ಎಂದು ಪ್ರೇಮಮ್ಮ ಎದ್ದರು. “ಅದೂ ಹೋಯ್ತೋ, ಬೇರೆಯವರ ಪಾಲು. ಕಲಿಸೋದು ನಿಮ್ಮ ಕೈಲೈತೆ ಸಾಬ್ರೇ. ನನಗೆ ಲೆಕ್ಕ ಬರ್ತೈತೆ, ಕತ್ತರಿ ಬರಲ್ಲ. ನಿಮ್ಮನ್ನ ನೋಡಿ ಮೋಸ ಹೋದೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೇಟೆಗೆ ಸುದ್ದಿ ಹಬ್ಬಿ, ದೀಪದ ಬುಡದಲ್ಲೇ ಕತ್ತಲೆ ಎಂದು ಹೂವಿನ ಚೌಡಮ್ಮನೂ ಆಡಿಕೊಂಡಳು. ಗಿರಾಕಿಗಳು ಅಳತೆ ಕೊಡುತ್ತ, “ನಮ್ಮದು ನೀವೇ ಕತ್ತರಿಸ್ತೀರಲ್ಲ ಸಾಬ್ರೇ?” ಎಂದು ತಮಾಷೆ ಮಾಡಿದರು.

ಮುಂದಿನ ಶುಕ್ರವಾರ ನಮಾಜು ಮುಗಿಸಿ ಬಂದು ಊಟಕ್ಕೆ ಕೂತಾಗ ಶಹರಬಾನು ಅನ್ನ ಬಡಿಸುತ್ತ ಕೇಳಿದಳು, “ಹುಡುಗಿಗೆ ಯಾವಾಗಿಂದ ಕಲಿಸ್ತೀರಿ?”

“ಏನು?”

“ಕತ್ತರಿಸೋದು.”

“ಹೆಣ್ಣಿಗೆ ಕತ್ತರಿ ಕೊಟ್ಟಿದ್ದು ನಮ್ಮ ಕಸುಬಿನಲ್ಲಿ ಎಲ್ಲಾದ್ರೂ ಐತಾ? ಸಕ್ಕರೆ ಬೀಳದೆ ಕತ್ತರಿ ಇಲ್ಲ. ಅದು ರಿವಾಜು.”

ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ ಜಮಾಲ್ ಆಗ ತಲೆ ಎತ್ತಿದ. “ಅಬ್ಬಾ, ಅವಳ ಮಾತು ಬಿಡ್ರಿ. ನನಗೆ ಯಾವಾಗ?”

“ನಿನ್ನ ಕೈ ಇನ್ನೂ ಬಲಿಯಬೇಕು.”

“ನನ್ನ ಜೊತೆ ಶುರು ಮಾಡಿದವರು ಸಂತೇಬೆನ್ನೂರಲ್ಲಿ, ಸವಳಂಗದಲ್ಲಿ ಸ್ವಂತ ಅಂಗಡಿ ಹಾಕ್ಯಾರೆ. ನನ್ನ ಕೈ ಬಲಿಯಲ್ಲ. ಯಾಕೆ ಅಂತ ಗೊತ್ತೈತೆ ನನಗೆ. ಕತ್ತರಿ ಕೊಟ್ರೆ ಹೊನ್ನಾಳಿಗೆ ಹೋಗಿ ಮಾವನ ಕಟ್ಟೆ ಮೇಲೆ ಅಂಗಡಿ ಇಡ್ತೀನಿ ಅಂತ ಹೆದರಿಕೆ ನಿಮಗೆ.”

“ಇಡಲ್ವಾ?”

“ಇಡ್ತೀನಿ.”

ಬುಡನ್‌ಸಾಬರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. “ಮಗ ಒಂದು ಕಡೆ ಹೋಗ್ತಾನಂತೆ, ಮಗಳು ಒಂದು ಕಡೆ. ನಾನೇ ಕೈಯಾರೆ ಕತ್ತರಿ ಕೊಟ್ಟು ಕಳಿಸ್ಬೇಕಂತೆ. ಭಾಳ ಚೆನ್ನಾಗೈತೆ” ಎಂದು ಪರದೆಯಾಚೆ ಹೋದರು. ಅನ್ನ ಹಾಗೇ ಉಳಿಯಿತು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಆಮೇಲಿನ ದಿನಗಳು ಸಾಗಿದವು. ಅಪ್ಪ ಮಗ ಒಂದೇ ಅಂಗಡಿಯಲ್ಲಿ ಕೂತು ಶಹರಬಾನುವಿನ ಮೂಲಕ ಮಾತಾಡಿದರು. ‘ಕಾಲರು ಎಳೀತೈತೆ ಅಂತ ಹೇಳು.’ ‘ಕತ್ತರಿಸಿದ್ದೇ ಎಳೀತೈತೆ ಅಂತ ಹೇಳಮ್ಮಾ.’ ನಜೀರಾ ಶಾಲೆಗೆ ಹೋಗುವುದನ್ನು ಬಿಡಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸಿ ಬಂದು, ಹಳೇ ಪೇಪರನ್ನು ಬ್ಲೇಡಿನಿಂದ ಕೊಯ್ದು ಅಂಗಿಯ ಆಕಾರ ಮಾಡಲು ಹೆಣಗುವಳು. ಪೇಪರು ಪೇಪರೇ, ಬಟ್ಟೆಯಲ್ಲ. ಹರಿದು ಎಸೆಯುವಳು. ದಸರಾ ಹತ್ತಿರ ಹತ್ತಿರ ಬರುತ್ತಿತ್ತು. ಅವಳು ಏನನ್ನೂ ಕೇಳದೆ ಸುಮ್ಮನಿರುವುದೇ ಶಹರಬಾನುವಿಗೆ ಸಹಿಸಲಾಗಲಿಲ್ಲ. ಅತ್ತಿದ್ದರೆ ಬೈದು ಸಮಾಧಾನ ಮಾಡಬಹುದಿತ್ತು.

ಒಂದು ಬೆಳಿಗ್ಗೆ ಬುಡನ್‌ಸಾಬರು ಹೊಲಿದ ಅಂಗಿಗಳ ಗಂಟನ್ನು ಪರದೆಯ ಕೆಳಗಿಂದ ಒಳಗೆ ತಳ್ಳಿದರು. ಶಹರಬಾನು ಅದನ್ನು ಕಾಲಿನಿಂದ ಮೆಲ್ಲಗೆ ಹೊರಗೆ ತಳ್ಳಿದಳು.

“ಏನಿದು?”

“ಇವತ್ತಿಂದ ನಾವು ಸೂಜಿ ಹಿಡಿಯಲ್ಲ. ನಾನೂ ಇಲ್ಲ, ಜಹೀದಾನೂ ಇಲ್ಲ, ನಜೀರಾನೂ ಇಲ್ಲ.”

“ಯಾಕಂತೆ?”

“ನಮಗೆ ಯಾರೂ ಸಕ್ಕರೆ ಹಾಕಿ ಸೂಜಿ ಕೊಟ್ಟಿಲ್ಲ. ಸಕ್ಕರೆ ಬೀಳದೆ ಕಸುಬು ಮಾಡಬಾರದಂತಲ್ಲ. ಇಷ್ಟು ವರ್ಷ ರಿವಾಜು ಮುರಿದಿದ್ದು ತಪ್ಪಾಯ್ತು.”

ಜಮಾಲ್ ಮಿಷನ್ನಿನ ಮೇಲೆ ಬಗ್ಗಿ ಮುಖ ಮರೆಸಿಕೊಂಡ. ಜಹೀದಾ ಒಲೆಯ ಮುಂದೆ ಸೀಮೆಸುಣ್ಣ ಹಿಡಿದು ಕೂತವಳು ಮೇಲೆ ನೋಡಲೇ ಇಲ್ಲ.

ಕಾಜವಿಲ್ಲದ ಅಂಗಿಯನ್ನು ಗಿರಾಕಿ ಒಯ್ಯುವುದಿಲ್ಲ. ಬೆಂಚಿನ ಮೇಲೆ ಅಂಗಿಗಳ ರಾಶಿ ಏರಿತು. ವಾಯಿದೆ ಹೇಳಿ ಹೇಳಿ ಬುಡನ್‌ಸಾಬರ ನಾಲಿಗೆ ಒಣಗಿತು. ಕಾಜಕ್ಕೆ ಬೇರೆಯವರನ್ನು ಹುಡುಕಲು ಹೋದರೆ ಊರಲ್ಲಿ ಆ ಕೈ ಯಾರಿಗೂ ಇಲ್ಲ. ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ರೊಟ್ಟಿ ಸೀಯುತ್ತಿರಲಿಲ್ಲ, ಸಾರಿಗೆ ಉಪ್ಪು ಒಂದೇ ಸಲ ಬೀಳುತ್ತಿತ್ತು. ಬೈಯಲು ಅವರಿಗೆ ಒಂದು ಎಳೆಯೂ ಸಿಗಲಿಲ್ಲ. ಬೆಂಚಿನ ಮೇಲಿನ ಅಂಗಿ ಕಂಡಾಗೆಲ್ಲ ಶಹರಬಾನುವಿನ ಬೆರಳು ತುರಿಸುತ್ತಿದ್ದವು. ಆದರೂ ಎದ್ದು ಸೂಜಿ ತೆಗೆಯಲಿಲ್ಲ.

ಕೊನೆಗೆ ಒಂದು ಶುಕ್ರವಾರ ನಮಾಜಿನ ನಂತರ ಬುಡನ್‌ಸಾಬರು ಕಸುಬಿನವರನ್ನು ಮನೆಗೆ ಕರೆದರು. ಸಂತೇಬೆನ್ನೂರಿನಿಂದ ಹಿರಿಯ ದರ್ಜಿ ನಿಯಾಜ್ ಅಹಮದರೂ ಬಂದಿದ್ದರು. ಸಕ್ಕರೆ ರೇಷನ್ನಿನಲ್ಲಿ ಖಾಲಿಯಾಗಿತ್ತು; ಶಹರಬಾನು ಬೆಲ್ಲ ಕುಟ್ಟಿ ಇಟ್ಟಳು. ಶಾಗಿರ್ದಿಗೆ ಹೊಸ ಕತ್ತರಿ ಕೊಡುವುದು ಪದ್ಧತಿ. ಯುದ್ಧದ ಕಾಲದಲ್ಲಿ ಒಳ್ಳೆಯ ಕತ್ತರಿ ಎಲ್ಲೂ ಸಿಗಲಿಲ್ಲ. ಫಾತಿಹಾ ಮುಗಿದ ಮೇಲೆ ಬುಡನ್‌ಸಾಬರು ಮಗನ ಬಾಯಿಗೆ ಬೆಲ್ಲ ಹಾಕಿ, ಮೊಳೆಯಿಂದ ತಮ್ಮ ಕತ್ತರಿಯನ್ನೇ ತೆಗೆದು ಅವನ ಕೈಗಿಟ್ಟರು.

“ಇನ್ನು ನೀನು ಉಸ್ತಾದ್” ಎಂದರು. “ನೀನು ಯಾರಿಗೆ ಕಲಿಸ್ತೀಯೋ ಅದು ನಿನಗೆ ಬಿಟ್ಟಿದ್ದು. ನನ್ನ ಕೇಳಬೇಡ.”

ಜಮಾಲ್ ಕತ್ತರಿಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ತಟ್ಟೆಯಿಂದ ಒಂದು ಚೂರು ಬೆಲ್ಲ ಎತ್ತಿಕೊಂಡು ಪರದೆಯ ಹತ್ತಿರ ಹೋಗಿ, “ನಜೀರಾ, ಬಾಯಿ ತೆಗಿ” ಎಂದ. ಪರದೆಯ ಸಂದಿಯಿಂದ ಬಾಯಿ ಕಾಣಿಸಿತು. ನಿಯಾಜ್ ಅಹಮದರು ಗಂಟಲು ಸರಿಮಾಡಿಕೊಂಡರು, ಬೇರೆಯವರು ಮುಖ ಮುಖ ನೋಡಿಕೊಂಡರು. ಬುಡನ್‌ಸಾಬರು ಯಾರನ್ನೂ ನೋಡದೆ ಎದ್ದು ನೀರು ಕುಡಿಯಲು ಹೋದರು.

ದಸರಾ ಆದ ಮೇಲೆ ನಜೀರಾ ಕೂಸಿನ ಅಂಗಿ ಕತ್ತರಿಸಿ ಹೊಲಿದು ಪಾಸಾದಳು. ಅಂಗಿ ಸ್ವಲ್ಪ ದೊಡ್ಡದೇ ಆಗಿತ್ತಂತೆ. ಬೆಳೆಯುವ ಕೂಸು ಎಂದಳಂತೆ. ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಪ್ರೇಮಮ್ಮನ ಜೊತೆ ಅವಳು ಶಿವಮೊಗ್ಗಕ್ಕೆ ಹೊರಟಾಗ ಬುಡನ್‌ಸಾಬರು ಬಸ್ಸಿನ ತನಕ ಬಂದು, “ಹುಷಾರು” ಎಂದು ಒಂದೇ ಮಾತು ಹೇಳಿ ತಿರುಗಿದರು. ಜಮಾಲ್ ಹೇಳಿದ ಹಾಗೆ ಹೊನ್ನಾಳಿಯಲ್ಲಿ ಮಾವನ ಕಟ್ಟೆ ಹಿಡಿದ, ಆದರೆ ಸಂತೆಯ ದಿನ ಮಾತ್ರ ಹೋಗಿ ಬರುತ್ತಿದ್ದ. ಉಳಿದ ದಿನ ಚನ್ನಗಿರಿಯ ಅಂಗಡಿಯಲ್ಲೇ ನಿಂತು ಬಟ್ಟೆ ಕತ್ತರಿಸುತ್ತಿದ್ದ. ಮಿಷನ್ನಿಗೆ ಸಂಬಳದ ಕೈಯೊಂದು ಬಂತು. ನಜೀರಾ ಬಿಟ್ಟುಹೋದ ಸಂಜೆಯ ಪಾಠಕ್ಕೆ ಈಗ ಜಹೀದಾ ಹೋಗತೊಡಗಿದಳು. ಪ್ರೇಮಮ್ಮ ಈ ಸಲ ಕೇಳಲೂ ಇಲ್ಲ, ಹೇಳಿ ಕಳಿಸಿದರು ಅಷ್ಟೆ.

ಹೀಗೆ ಮನೆಯಲ್ಲಿ ಕೆಲಸವಿಲ್ಲದೆ ಉಳಿದವರು ಒಬ್ಬರೇ. ಕತ್ತರಿ ಕೊಟ್ಟ ಕೈ ಖಾಲಿ. ಬುಡನ್‌ಸಾಬರು ಅಂಗಡಿಯಲ್ಲಿ ಕೂತರೆ ಮಗನ ಕೆಲಸದಲ್ಲಿ ಹುಳುಕು ಹುಡುಕಿ ಜಗಳ, ಒಳಗೆ ಬಂದರೆ ಹೆಂಡತಿಯ ಕಾಲಿಗೆ ತೊಡಕು. ಒಂದು ಸಂಜೆ, ದೀಪ ಹಚ್ಚುವ ಮೊದಲು, ಕಾಜದ ರಾಶಿಯ ಮುಂದೆ ಶಹರಬಾನು ಕಣ್ಣು ಒರೆಸಿಕೊಳ್ಳುತ್ತ ಕೂತಿದ್ದನ್ನು ನೋಡುತ್ತ ನಿಂತರು. ಕೊನೆಗೆ ಚಾಪೆಯ ಮೇಲೆ ಕೂತು, “ಇತ್ತ ಕೊಡು ಒಂದು” ಎಂದರು.

“ಮೊದಲು ಬಾಯಿ ತೆಗೀರಿ.”

“ಏನೇ ಇದು?”

“ರಿವಾಜು” ಎಂದು ಶಹರಬಾನು ಅವರ ಬಾಯಿಗೆ ಬೆಲ್ಲದ ಚೂರು ಇಟ್ಟು ಅಂಗಿ ಕೊಟ್ಟಳು.

ಬುಡನ್‌ಸಾಬರು ಬೆಲ್ಲ ಚೀಪುತ್ತ ಹೊಲಿದರು. ಬಹಳ ಹೊತ್ತು ಹೊಲಿದರು. ಹಣೆಯಲ್ಲಿ ಬೆವರು ಬಂತು. ಶಹರಬಾನು ಅದನ್ನು ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು.

“ಬಾಯಿ ಸೊಟ್ಟ ಆಗೈತೆ. ಬಿಚ್ಚಿ ಇನ್ನೊಂದು ಸಲ ಹಾಕ್ರಿ.”

“ಇಷ್ಟು ವರ್ಷ ಕಣ್ಣ ಮುಂದೆ ನೋಡ್ಕೊಂಡೇ ಬಂದೀನಲ್ಲೇ ಇದನ್ನ” ಎಂದರು ಬುಡನ್‌ಸಾಬರು. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು.

“ನೋಡೀರಿ, ಮಾಡಿಲ್ಲ. ನಿಮ್ಮ ಮಗಳೂ ಕತ್ತರಿ ನೋಡ್ಕೊಂಡೇ ಬೆಳೆದಿದ್ದು.”

ಅವರು ಬಿಚ್ಚಿ ಮತ್ತೆ ಹೊಲಿದರು. ಶಹರಬಾನು ದೀಪ ಹಚ್ಚಲು ಎದ್ದಳು. ದಾರ ಕಡಿಯಬೇಕಿತ್ತು. ಅಭ್ಯಾಸಬಲದಿಂದ ತಿರುಗಿ ಪರದೆಯ ಸಂದಿಯಿಂದ ಗೋಡೆಯ ಕಡೆ ಕೈ ಚಾಚಿದರು. ಮೊಳೆ ಬರಿದಾಗಿತ್ತು. ಅತ್ತ ಇತ್ತ ನೋಡಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬುಡನ್‌ಸಾಬರು ಅಂಗಿಯನ್ನು ಬಾಯಿಯ ಹತ್ತಿರ ತಂದು ದಾರವನ್ನು ಹಲ್ಲಿನಲ್ಲಿ ಕಡಿದರು.